ಸೀಟು ಒಂದು ಬೆರಳು ಮೇಲೆ, ದೀಪ ಒಂದು ಬೆರಳು ಕೆಳಗೆ

ಅಂಗಿ ಹೊಲಿಸಲು ಹೋದರೆ ದರ್ಜಿ ಭುಜ, ತೋಳು, ಕುತ್ತಿಗೆ ಎಲ್ಲವನ್ನೂ ಟೇಪು ಹಿಡಿದು ಅಳೆಯುತ್ತಾನೆ. ಚಪ್ಪಲಿ ಅಂಗಡಿಯಲ್ಲಿ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಗಂಟೆಗೆ ನಾಲ್ಕು ಸಾವಿರ ಸಲ ಮೊಣಕಾಲನ್ನು ಮಡಿಸಿ ಬಿಡಿಸುವ ಸೈಕಲ್ಲನ್ನು ಮಾತ್ರ ಬಣ್ಣ, ಗೇರು, ಬೆಲೆ ನೋಡಿ ಮನೆಗೆ ತರುತ್ತೇವೆ. ಆಮೇಲೆ ಕೂತಲ್ಲಿ ನೋವಾದರೆ ಸೀಟಿಗೆ ಮೆತ್ತನೆಯ ಜೆಲ್ ಕವರು ಹಾಕುತ್ತೇವೆ. ಕತ್ತಲಲ್ಲಿ ದಾರಿ ಕಾಣದಿದ್ದರೆ ಡಬ್ಬಿಯ ಮೇಲೆ ಇನ್ನೂ ದೊಡ್ಡ ಸಂಖ್ಯೆ ಬರೆದಿರುವ ದೀಪ ಕೊಳ್ಳುತ್ತೇವೆ. ಎರಡು ಕಡೆಯೂ ನಡೆಯುವುದು ಒಂದೇ ತಪ್ಪು. ಕೊರತೆ ಇರುವುದು ಮೆತ್ತೆಯಲ್ಲೂ ಅಲ್ಲ, ಬೆಳಕಿನಲ್ಲೂ ಅಲ್ಲ. ಅವನ್ನು ಕೂರಿಸಿದ ಎತ್ತರದಲ್ಲಿ, ತಿರುಗಿಸಿದ ಕೋನದಲ್ಲಿ. ಸೈಕಲ್ ಸವಾರರ ನೋವಿನ ದೊಡ್ಡ ಪಾಲನ್ನೂ ರಾತ್ರಿಯ ಅಪಾಯದ ಒಂದು ಪಾಲನ್ನೂ ಒಂದು ಸ್ಪಾನರಿನಿಂದ ಕಡಿಮೆ ಮಾಡಬಹುದು ಎಂಬುದು ನನ್ನ ವಾದ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿನ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ: ಸರಿಸುಮಾರು ಸಮನಾದ ಎರಡು ಚಕ್ರ, ನಡುವೆ ಪೆಡಲು, ಅಲ್ಲಿಂದ ಹಿಂದಿನ ಚಕ್ರಕ್ಕೆ ಚೈನು. ಈ ಯಂತ್ರದ ಎಂಜಿನ್ ಸವಾರನೇ. ಆರೋಗ್ಯವಂತ ಸಾಮಾನ್ಯ ಮನುಷ್ಯ ಒಂದೆರಡು ಗಂಟೆ ಬಿಡದೆ ಕೊಡಬಲ್ಲ ಶಕ್ತಿ 75ರಿಂದ 100 ವ್ಯಾಟ್, ಅಂದರೆ ಮನೆಯ ಒಂದು ಸೀಲಿಂಗ್ ಫ್ಯಾನ್ ತಿರುಗುವಷ್ಟು. ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಪೋಲು ಮಾಡಲು ಏನೂ ಇಲ್ಲ. ನಡೆಯುವಾಗ ಕಾಲಿಗೆ ಸ್ವಾತಂತ್ರ್ಯವಿದೆ: ಹೆಜ್ಜೆ ಚಿಕ್ಕದಾಗಬಹುದು, ಪಾದ ಹೊರಳಬಹುದು, ನೋವಾದ ಕಡೆ ಭಾರ ತಪ್ಪಿಸಬಹುದು. ಸೈಕಲ್ಲಿನಲ್ಲಿ ಸೊಂಟವನ್ನು ಸೀಟು ಹಿಡಿದಿಟ್ಟಿರುತ್ತದೆ. ಪಾದ ಸುಮಾರು 17 ಸೆಂಟಿಮೀಟರ್ ತ್ರಿಜ್ಯದ ಒಂದೇ ವೃತ್ತದಲ್ಲಿ ಸುತ್ತಬೇಕು. ಈ ಎರಡರ ನಡುವೆ ಸಿಕ್ಕಿಕೊಂಡದ್ದು ಮೊಣಕಾಲು. ಅದು ಎಷ್ಟು ಮಡಿಯಬೇಕು, ಎಷ್ಟು ಬಿಚ್ಚಿಕೊಳ್ಳಬೇಕು ಎನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಸೀಟಿನ ಎತ್ತರ. ಎತ್ತರ ತಪ್ಪಿದ್ದರೆ ಅದೇ ತಪ್ಪು ಗಂಟೆಗೆ ನಾಲ್ಕು ಸಾವಿರ ಸಲ ಮರುಕಳಿಸುತ್ತದೆ.

ನಮ್ಮ ರಸ್ತೆಗಳಲ್ಲಿ ಕಣ್ಣು ಹಾಯಿಸಿದರೆ ಹೆಚ್ಚಿನವರ ಸೀಟು ತೀರ ಕೆಳಗಿರುತ್ತದೆ. ಪೆಡಲು ಮೇಲೆ ಬಂದಾಗ ಮೊಣಕಾಲು ಹ್ಯಾಂಡಲಿಗೆ ತಾಗುವಂತಿರುತ್ತದೆ. ಹೀಗೆ ಪೂರ್ತಿ ಮಡಿದ ಕಾಲಿನಿಂದ ತುಳಿದಾಗ ತೊಡೆಯ ಸ್ನಾಯು ಮೊಣಕಾಲ ಚಿಪ್ಪನ್ನು ಅದರ ಹಿಂದಿನ ಮೂಳೆಗೆ ಒತ್ತಿ ಎಳೆಯುತ್ತದೆ, ಮಡಿಕೆ ಹೆಚ್ಚಿದಷ್ಟೂ ಒತ್ತಡವೂ ಹೆಚ್ಚುತ್ತದೆ. ಚಿಪ್ಪಿನ ಮುಂಭಾಗದಲ್ಲಿ ಕಾಣಿಸಿಕೊಳ್ಳುವ ನೋವಿಗೆ ಇದು ಸಾಮಾನ್ಯ ಕಾರಣ. ಸೀಟು ತೀರ ಮೇಲಿದ್ದರೆ ನೋವು ಮೊಣಕಾಲಿನ ಹಿಂಭಾಗಕ್ಕೆ ಹೋಗುತ್ತದೆ, ಕಾಲು ಎಟುಕದೆ ಸೊಂಟ ಎಡಬಲಕ್ಕೆ ವಾಲಾಡುತ್ತದೆ. ನೋವು ಎಲ್ಲಿದೆ ಎಂಬುದೇ ಸೀಟು ಯಾವ ಕಡೆಗೆ ಹೋಗಬೇಕೆಂದು ಬಹಳಷ್ಟು ಸಲ ಹೇಳಿಬಿಡುತ್ತದೆ. ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲಿ ಒಂದು ಅಳತೆ ಕೊಟ್ಟರು: ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಇರುವ ದೂರ ಕಾಲಿನ ಒಳ ಉದ್ದದ ಶೇ. 109 ಇರಬೇಕು. ತೊಡೆಸಂದಿಯಿಂದ ನೆಲಕ್ಕೆ 78 ಸೆಂಟಿಮೀಟರ್ ಇರುವವರಿಗೆ ಅದು 85 ಸೆಂಟಿಮೀಟರ್. ಅಮೆರಿಕದ ಸ್ಪರ್ಧಿ ಗ್ರೆಗ್ ಲೆಮಾಂಡ್ ಮೂಲಕ ಜನಪ್ರಿಯವಾದ ಇನ್ನೊಂದು ಲೆಕ್ಕ ಒಳ ಉದ್ದವನ್ನು 0.883ರಿಂದ ಗುಣಿಸಿ, ಪೆಡಲಿನ ತೋಳುಗಳು ಸುತ್ತುವ ಅಚ್ಚಿನ ನಡುವಿನಿಂದ ಅಳೆಯುತ್ತದೆ. ಬೇರೆ ದಾರಿಯಲ್ಲಿ ಹೊರಟ ಎರಡೂ ಲೆಕ್ಕಗಳು ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ.

ಆದರೂ ಸೂತ್ರವನ್ನು ಕುರುಡಾಗಿ ನಂಬುವಂತಿಲ್ಲ. ಒಳ ಉದ್ದ ಒಂದೇ ಇದ್ದ ಇಬ್ಬರಲ್ಲಿ ಒಬ್ಬರ ತೊಡೆ ಉದ್ದವಿರಬಹುದು, ಇನ್ನೊಬ್ಬರ ಪಾದ ದೊಡ್ಡದಿರಬಹುದು. ಅದಕ್ಕಾಗಿಯೇ ಕ್ರೀಡಾವೈದ್ಯರು ಉದ್ದಕ್ಕಿಂತ ಕೋನವನ್ನು ನಂಬುತ್ತಾರೆ: ಪೆಡಲು ತೀರ ಕೆಳಗಿದ್ದಾಗ ಮೊಣಕಾಲು ನೇರ ಗೆರೆಯಿಂದ 25ರಿಂದ 35 ಡಿಗ್ರಿ ಬಾಗಿರಬೇಕು. ಇದನ್ನು ಅಳೆಯಲು ಉಪಕರಣ ಬೇಕಿಲ್ಲ. ಗೋಡೆಗೆ ಒರಗಿಕೊಂಡು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಕ್ಕೆ ತುಳಿದಾಗ ಕಾಲು ಪೂರ್ತಿ ನೇರವಾದರೆ ಸಾಕು. ಆಮೇಲೆ ತುಳಿಯುವುದು ಹಿಮ್ಮಡಿಯಿಂದಲ್ಲ, ಹೆಬ್ಬೆರಳ ಬುಡದ ಉಬ್ಬಿನಿಂದ. ಆಗ ಬೇಕಾದ ಬಾಗು ತಾನಾಗಿಯೇ ಬರುತ್ತದೆ. ಸೀಟಿನ ಕಂಬಿಯ ಮೇಲೆ ಕೊರೆದಿರುವ ಕನಿಷ್ಠ ಮಿತಿಯ ಗೆರೆ ಹೊರಗೆ ಕಾಣುವಷ್ಟು ಅದನ್ನು ಎಳೆಯಬೇಡಿ, ಕಂಬಿ ಮುರಿಯಬಹುದು.

‘ಕಾಲು ನೆಲಕ್ಕೆ ಎಟುಕದಿದ್ದರೆ ಸಿಗ್ನಲ್ಲಿನಲ್ಲಿ ಬೀಳುವುದಿಲ್ಲವೇ?’ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೆಜ್ಜೆಗೊಂದು ಬ್ರೇಕು ಹಿಡಿಯಬೇಕಾದ ನಮ್ಮ ಊರುಗಳಲ್ಲಿ ಈ ಭಯ ಸಹಜವಾದದ್ದೇ. ಆದರೆ ಸೀಟಿನ ಮೇಲೆ ಕೂತೇ ಕಾಲು ಊರಬೇಕು ಎಂಬುದು ಮೋಟರ್‌ಸೈಕಲ್ಲಿನಿಂದ ಬಂದ ರೂಢಿ. ಸೈಕಲ್ಲು ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು, ಒಂದು ಕಾಲು ಕೆಳಗಿನ ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ ಇಡುವುದು ಸರಿಯಾದ ಕ್ರಮ. ಹೊಸಬರಿಗೆ ಇದು ಒಂದೇ ದಿನಕ್ಕೆ ಬರುವುದಿಲ್ಲ. ಅವರು ತಗ್ಗಿನ ಸೀಟಿನಲ್ಲಿ ಶುರುಮಾಡಿ ವಾರಕ್ಕೊಂದು ಬೆರಳಿನಷ್ಟು ಏರಿಸಿಕೊಂಡರೆ ಸಾಕು. ಇನ್ನೊಂದು ಆಕ್ಷೇಪಣೆ ಹಿರಿಯರದು: ಹಾಲಿನವರು, ಅಂಚೆಯವರು ಯಾವ ಅಳತೆಯೂ ಇಲ್ಲದೆ ಜೀವನವಿಡೀ ಕರಿ ಸೈಕಲ್ ತುಳಿಯಲಿಲ್ಲವೇ? ತುಳಿದರು, ನಿಜ. ಆ ಸೈಕಲ್ಲಿನ ಹ್ಯಾಂಡಲು ಎತ್ತರವಿತ್ತು, ಸವಾರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ, ಸ್ಪ್ರಿಂಗಿನ ಮೇಲಿನ ಅಗಲ ಚರ್ಮದ ಸೀಟು ಮೈಯ ಭಾರವನ್ನು ಹೊರುತ್ತಿತ್ತು, ವೇಗವೂ ನಿಧಾನ. ಅಳತೆಯ ವಿಚಾರವೂ ಅವರಿಗೆ ತಿಳಿಯದ್ದೇನಲ್ಲ. ಸೀಟು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದರಲ್ಲ, ಯಂತ್ರ ಒಗ್ಗದಾಗ ಮೈಯನ್ನೇ ತಿರುಚಿ ಒಗ್ಗಿಸಿಕೊಂಡ ಬಗೆ ಅದು. ಇಂದಿನ ಗೇರ್ ಸೈಕಲ್ಲು ಸವಾರನನ್ನು ಮುಂದಕ್ಕೆ ಬಾಗಿಸಿ, ಭಾರದ ಒಂದು ಪಾಲನ್ನು ಅಂಗೈಗೆ ವರ್ಗಾಯಿಸುತ್ತದೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುವುದು ಅಂಗೈಯ ಬುಡದಲ್ಲಿ ಹಾದುಹೋಗುವ ನರ ಒತ್ತಿಕೊಂಡಾಗ. ದಪ್ಪ ಕೈಗವಸಿಗಿಂತ ಮೊದಲು ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿ, ಸೀಟಿನ ಮೂತಿ ಕೆಳಕ್ಕೆ ವಾಲಿದ್ದರೆ ಮಟ್ಟ ಮಾಡಿ ನೋಡಬೇಕು.

ಮೆತ್ತನೆಯ ಸೀಟಿನ ವಿಷಯ ಬಿಡಿಸಿ ಹೇಳಬೇಕಾದದ್ದು, ಏಕೆಂದರೆ ಇಲ್ಲಿ ಸಾಮಾನ್ಯ ಬುದ್ಧಿ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾವು ಕೂರುವುದು ಸೊಂಟದ ಕೆಳತುದಿಯ ಎರಡು ಮೂಳೆಗಳ ಮೇಲೆ. ಈ ಮೂಳೆಗಳೂ ಅವುಗಳ ಮೇಲಿನ ಅಂಗಾಂಶವೂ ಭಾರ ಹೊರಲು ಒಗ್ಗಿದಂಥವು. ಅವೆರಡರ ನಡುವಿನ ಭಾಗದಲ್ಲಿ ಗುಪ್ತಾಂಗಕ್ಕೆ ಹೋಗುವ ನರ ಮತ್ತು ರಕ್ತನಾಳಗಳಿವೆ, ಆ ಭಾಗ ಭಾರ ಹೊರಬಾರದು. ತೀರ ಮೆತ್ತನೆಯ ಜೆಲ್ಲಿನಲ್ಲಿ ಮೂಳೆಗಳು ಮುಳುಗುತ್ತವೆ, ಪಕ್ಕಕ್ಕೆ ಸರಿದ ಜೆಲ್ಲು ನಡುವೆ ಉಬ್ಬಿ ಒತ್ತಬಾರದ ಕಡೆಯೇ ಒತ್ತುತ್ತದೆ. ಅಂಗಡಿಯಲ್ಲಿ ಒಂದು ನಿಮಿಷ ಕೂತಾಗ ಹಾಯೆನಿಸಿದ ಸೀಟು ಒಂದು ಗಂಟೆಯ ನಂತರ ಜೋಮು ಹಿಡಿಸುವುದು ಹೀಗೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಆರು ತಿಂಗಳು ಮೂತಿಯಿಲ್ಲದ ಸೀಟು ಕೊಟ್ಟು, 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಜೋಮು ಹಿಡಿಯಲಿಲ್ಲ ಎನ್ನುವವರು ಶೇ. 27ರಿಂದ ಶೇ. 82ಕ್ಕೆ ಏರಿದರು. ಮೆತ್ತೆಯನ್ನು ದಪ್ಪ ಮಾಡಿ ಬಂದ ಲಾಭವಲ್ಲ ಇದು, ಒತ್ತಡವನ್ನು ಮೂಳೆಗಳ ಕಡೆಗೆ ಸರಿಸಿದ್ದರಿಂದ ಬಂದದ್ದು. ಎಲ್ಲರೂ ಮೂತಿಯಿಲ್ಲದ ಸೀಟು ಹಾಕಿಸಬೇಕೆಂದು ನಾನು ಹೇಳುವುದಿಲ್ಲ. ಮೂತಿ ಇಲ್ಲದಿದ್ದರೆ ಸೈಕಲ್ಲಿನ ಮೇಲೆ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ಬದಲಿಗೆ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಕುರ್ಚಿಯ ಮೇಲಿಟ್ಟು ಕೂತು ಎದ್ದರೆ ಎರಡು ಕುಳಿಗಳು ಮೂಡುತ್ತವೆ. ಆ ಕುಳಿಗಳ ನಡುವಿನ ಅಂತರಕ್ಕಿಂತ ತುಸು ಅಗಲವಿರುವ, ಒತ್ತಿದರೆ ಬೆರಳು ಹೂತುಹೋಗದ ಸೀಟು ಆರಿಸಿದರೆ ಸಾಕು.

ದೀಪದ ಕಥೆಯೂ ಇದೇ. ಚಕ್ರಕ್ಕೆ ಉಜ್ಜಿಕೊಂಡು ಗುಂಯ್‌ಗುಡುತ್ತಿದ್ದ ಹಳೆಯ ಡೈನಮೋ 6 ವೋಲ್ಟಿನಲ್ಲಿ 3 ವ್ಯಾಟ್ ಕೊಡುತ್ತಿತ್ತು: ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6. ಬಿಸಿಯಾದ ತಂತಿ ಕೊಡುತ್ತಿದ್ದ ಆ ಮಂಕು ಬೆಳಕಿನ ಹತ್ತು ಪಟ್ಟನ್ನು ಇವತ್ತಿನ ಎಲ್‌ಇಡಿ ಅಷ್ಟೇ ವಿದ್ಯುತ್ತಿನಲ್ಲಿ ಕೊಡುತ್ತದೆ. ಅಲ್ಲಿಗೆ ಬೆಳಕಿನ ಬಡತನ ಮುಗಿಯಿತು. ಆದರೂ ಮಾರುಕಟ್ಟೆ ಲೂಮೆನ್ ಸಂಖ್ಯೆಯನ್ನೇ ಕೂಗುತ್ತಿದೆ. ಲೂಮೆನ್ ಎಂದರೆ ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು, ಲಕ್ಸ್ ಎಂದರೆ ಅದರಲ್ಲಿ ಒಂದು ಜಾಗದ ಮೇಲೆ ನಿಜವಾಗಿ ಬಿದ್ದದ್ದು. ಟ್ಯಾಂಕರಿನಲ್ಲಿ ಎಷ್ಟು ನೀರಿದೆ ಎಂಬುದಕ್ಕೂ ಗಿಡದ ಬುಡಕ್ಕೆ ಎಷ್ಟು ಮುಟ್ಟಿತು ಎಂಬುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಟಾರ್ಚಿನಂತೆ ದುಂಡಗೆ ಬೆಳಗುವ ದೀಪ ಬೆಳಕಿನ ದೊಡ್ಡ ಪಾಲನ್ನು ಮರದ ಕೊಂಬೆಗೂ ಎದುರು ಬರುವವರ ಕಣ್ಣಿಗೂ ಎರಚುತ್ತದೆ. ಉಳಿದದ್ದರಲ್ಲಿ ಮುಂದಿನ ಚಕ್ರದ ಬಳಿ ಬೀಳುವ ಬೆಳಕು ಹೆಚ್ಚು, ಏಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹತ್ತಿರದ ಆ ಬಿಳಿ ವೃತ್ತಕ್ಕೆ ಕಣ್ಣಿನ ಪಾಪೆ ಕಿರಿದಾಗಿ, ನೋಡಬೇಕಾದ ದೂರದ ರಸ್ತೆ ಇನ್ನಷ್ಟು ಕಪ್ಪಾಗುತ್ತದೆ.

ಎಷ್ಟು ದೂರ ಕಾಣಬೇಕು? ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಗುಂಡಿ ಕಂಡು ಬ್ರೇಕು ಅದುಮಲು ಒಂದೂವರೆ ಸೆಕೆಂಡು ಹಿಡಿದರೆ ಎಂಟು ಮೀಟರ್ ಹೋಯಿತು, ನಿಲ್ಲಲು ಇನ್ನೈದು ಮೀಟರ್ ಬೇಕು. ಹದಿನೈದು ಮೀಟರ್ ಆಚೆ ರಸ್ತೆ ಸ್ಪಷ್ಟವಾಗಿ ಕಂಡರೆ ಈ ವೇಗಕ್ಕೆ ಸಾಕು. ಜರ್ಮನಿಯ ರಸ್ತೆ ನಿಯಮ ಈ ತರ್ಕವನ್ನೇ ಕಾನೂನು ಮಾಡಿದೆ: ಅಲ್ಲಿನ ಸೈಕಲ್ ದೀಪ ಹತ್ತು ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಕೊಡಬೇಕು, ಒಂದು ಗೆರೆಯಿಂದ ಮೇಲಕ್ಕೆ ಹೆಚ್ಚು ಬೆಳಕು ಹೋಗಬಾರದು. ಕಾರಿನ ಲೋ ಬೀಮಿನಂತೆ ಮೇಲ್ಭಾಗ ಕತ್ತರಿಸಿದ ಈ ಬೆಳಕು ಚೆಲ್ಲಿಹೋಗುವ ಪಾಲನ್ನು ರಸ್ತೆಗೇ ಮರಳಿಸುತ್ತದೆ. ಅಂಥ ದೀಪ ಸಿಗದಿದ್ದರೆ ಇರುವುದನ್ನೇ ಸರಿಯಾಗಿ ತಿರುಗಿಸಬಹುದು. ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸೈಕಲ್ಲು ನಿಲ್ಲಿಸಿ. ದೀಪ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ನಡುಭಾಗ ಗೋಡೆಯ ಮೇಲೆ 60 ಸೆಂಟಿಮೀಟರಿನಲ್ಲಿ ಬೀಳಲಿ. ಹಾಗೆ ಬಿದ್ದರೆ ಅದು ರಸ್ತೆಯನ್ನು ಮುಟ್ಟುವುದು ಹದಿನೈದು ಮೀಟರಿನಲ್ಲಿ. ದೀಪವನ್ನು ಹೆಲ್ಮೆಟ್ಟಿಗಿಂತ ಹ್ಯಾಂಡಲಿಗೆ ಕಟ್ಟುವುದು ಮೇಲು. ಕಣ್ಣಿಗಿಂತ ಕೆಳಗಿನಿಂದ ಹೊರಟ ಬೆಳಕು ಗುಂಡಿಯ ಅಂಚಿನಲ್ಲಿ ನೆರಳು ಮೂಡಿಸುತ್ತದೆ, ನಾವು ಗುಂಡಿಯನ್ನು ಗುರುತಿಸುವುದು ಆ ನೆರಳಿನಿಂದ.

ಬೀದಿದೀಪವಿರುವ ಊರಿನಲ್ಲಿ ಇಷ್ಟೆಲ್ಲ ಏಕೆ ಎನ್ನುವವರಿಗೆ ಉತ್ತರ: ಅಲ್ಲಿ ದೀಪ ನೋಡುವುದಕ್ಕಿಂತ ಕಾಣಿಸಿಕೊಳ್ಳುವುದಕ್ಕೆ ಬೇಕು. ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ 2004–05ರಲ್ಲಿ 3,845 ಸವಾರರ ಮೇಲೆ ಪ್ರಯೋಗ ನಡೆಯಿತು. ಹಗಲೂ ರಾತ್ರಿ ತಾನಾಗಿ ಉರಿಯುವ ದೀಪ ಹಾಕಿಕೊಂಡವರಲ್ಲಿ ಗಾಯವಾದ ಅಪಘಾತಗಳು ಶೇ. 19ರಷ್ಟು ಕಡಿಮೆಯಿದ್ದವು. ಅಪಘಾತಗಳನ್ನು ವರದಿ ಮಾಡಿದವರು ಸವಾರರೇ ಆದ್ದರಿಂದ ಈ ಸಂಖ್ಯೆಯನ್ನು ಸ್ವಲ್ಪ ಸಡಿಲವಾಗಿ ಹಿಡಿಯಬೇಕು, ದಿಕ್ಕು ಮಾತ್ರ ಸ್ಪಷ್ಟ. ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಇನ್ನೊಂದು ಪ್ರಯೋಗ ಆಸ್ಟ್ರೇಲಿಯದ್ದು, ಪ್ರಕಟವಾದದ್ದು 2012ರಲ್ಲಿ. ರಾತ್ರಿ ಮುಚ್ಚಿದ ರಸ್ತೆಯಲ್ಲಿ ಕಾರು ಓಡಿಸಿದವರು ಕಪ್ಪು ಬಟ್ಟೆಯ ಸವಾರರನ್ನು ಗುರುತಿಸಿದ್ದು ಶೇ. 2ರಷ್ಟು ಸಲ, ಹೊಳೆಯುವ ಹಳದಿ ಜಾಕೆಟ್ಟಿನವರನ್ನು ಶೇ. 15, ಬೆಳಕು ಮರಳಿಸುವ ಪಟ್ಟಿಯ ಜಾಕೆಟ್ಟಿನವರನ್ನು ಶೇ. 50, ಅದರ ಜೊತೆಗೆ ಮೊಣಕಾಲು ಮತ್ತು ಹರಡಿನ ಬಳಿಯೂ ಪಟ್ಟಿ ಕಟ್ಟಿದವರನ್ನು ಶೇ. 90. ಹ್ಯಾಂಡಲಿನ ದೀಪ ಸ್ಥಿರವಾಗಿರಲಿ ಮಿನುಗುತ್ತಿರಲಿ, ಗುರುತಿಸುವುದಕ್ಕೆ ಹೆಚ್ಚೇನೂ ನೆರವಾಗಲಿಲ್ಲ. ಹಳದಿ ಸೋತದ್ದೇಕೆಂದರೆ ಆ ಬಣ್ಣ ಹೊಳೆಯುವುದು ಬಿಸಿಲಿನ ನೇರಳಾತೀತ ಕಿರಣದಿಂದ, ರಾತ್ರಿ ಅದಿಲ್ಲ. ಹರಡಿನ ಪಟ್ಟಿ ಗೆದ್ದ ಕಾರಣ ಇನ್ನೂ ಸೊಗಸಾದದ್ದು. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿದಂತೆ, ಕೀಲುಗಳ ಮೇಲಿನ ಕೆಲವೇ ಬೆಳಕಿನ ಚುಕ್ಕಿಗಳು ಕತ್ತಲಲ್ಲಿ ಚಲಿಸಿದರೂ ನಮ್ಮ ಮಿದುಳು ಕ್ಷಣದಲ್ಲಿ ‘ಮನುಷ್ಯ’ ಎಂದು ಹೇಳುತ್ತದೆ. ಒಂಟಿ ಕೆಂಪು ಚುಕ್ಕಿ ಏನು ಬೇಕಾದರೂ ಆಗಿರಬಹುದು. ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಪೆಡಲು ತುಳಿಯುವ ಕಾಲೇ. ಹಾಗೆಂದು ದೀಪ ಕಿತ್ತುಹಾಕುವಂತಿಲ್ಲ. ಪ್ರತಿಫಲಕ ಹೊಳೆಯುವುದು ಯಾರಾದರೂ ಅದರ ಮೇಲೆ ಬೆಳಕು ಬಿಟ್ಟಾಗ ಮಾತ್ರ, ಅಡ್ಡರಸ್ತೆಯಿಂದ ನುಗ್ಗುವ ವಾಹನದ ಬೆಳಕು ಅದಕ್ಕೆ ತಾಗುವುದೇ ಇಲ್ಲ. ನನ್ನ ತೀರ್ಪು ಇಷ್ಟು: ಹಿಂದೆ ಸ್ಥಿರವಾದ ಕೆಂಪು ದೀಪ, ಹರಡಿಗೆ ಎರಡು ಹೊಳೆಯುವ ಪಟ್ಟಿ. ಮಿನುಗು ಹಗಲಿಗೆ ಸರಿ. ರಾತ್ರಿ ಅದು ಗಮನ ಸೆಳೆದರೂ ಸೈಕಲ್ಲು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಲು ಬಿಡುವುದಿಲ್ಲ.

ಮನೆಯಲ್ಲಿ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಗುವಿದ್ದರೆ ಒಂದು ಕೋರಿಕೆ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ, ಅದರಲ್ಲಿ ಅರ್ಧದಷ್ಟು ಕಾಲಿನ ಬೆಳವಣಿಗೆ. ಒಂದು ವರ್ಷದ ಹಿಂದೆ ಸರಿಯಾಗಿದ್ದ ಸೀಟು ಈಗ ಎರಡು ಬೆರಳು ತಗ್ಗಾಗಿರುತ್ತದೆ. ಇವತ್ತು ಸಂಜೆ ಮಗುವನ್ನು ಸೈಕಲ್ಲಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಡಿಸಿ ಒಮ್ಮೆ ನೋಡಿ.