ಚೋಮನಿಗೆ ಬೇಕಿದ್ದದ್ದು ನೇಗಿಲು

ಶಿವರಾಮ ಕಾರಂತರ 'ಚೋಮನ ದುಡಿ' (1933) ಪಾಠ ಮಾಡುವಾಗಲೆಲ್ಲ ಒಂದು ಮಾತು ಅಡ್ಡ ಬರುತ್ತದೆ: ಚೋಮ ತನ್ನನ್ನು ತಾನು ಒಪ್ಪಿಕೊಳ್ಳಲಾರದೆ ಸೋತ ಅಂತ. ಹಾಗೇನಿಲ್ಲ. ತಾನು ಬೇಸಾಯಗಾರ ಎಂಬುದನ್ನು ಅವನು ಯಾವತ್ತೋ ಒಪ್ಪಿಕೊಂಡಾಗಿದೆ. ಸಾಲಕ್ಕಾಗಿ ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸಿಯಾನು, ಎತ್ತುಗಳನ್ನು ಮಾತ್ರ ಮಾರಲಾರ. ಒಪ್ಪದವರು ಬೇರೆ. ಧಣಿ ಸಂಕಪ್ಪಯ್ಯ ತುಸು ಮೆತ್ತಗಾದರೂ ಅವನ ತಾಯಿ ಬಿಡುವುದಿಲ್ಲ. ಹೊಲೆಯ ಗೇಣಿಗೆ ಗದ್ದೆ ಹಿಡಿದರೆ ಕಟ್ಟಳೆ ಕೆಡುತ್ತದೆ!

ಕ್ರೈಸ್ತನಾದರೆ ನೆಲ ಸಿಗುತ್ತದೆಂದು ಹೊರಟ ಚೋಮ ಪಂಜುರ್ಲಿಯ ನೆನಪಾಗಿ ಹಿಂದಿರುಗುತ್ತಾನೆ. ಇದನ್ನು 'ಬೇರಿಗೆ ಮರಳಿದ್ದು' ಎಂದು ಹೊಗಳುವ ವಿಮರ್ಶಕರಿದ್ದಾರೆ. ಇರಲಿ. ಆದರೆ ದೈವ ಬೇಕೋ ನೆಲ ಬೇಕೋ, ಒಂದನ್ನೇ ಆರಿಸಿಕೋ ಎಂಬ ಇಕ್ಕಟ್ಟು ಸಂಕಪ್ಪಯ್ಯನಂಥವರಿಗೆ ಯಾವತ್ತಾದರೂ ಬಂದಿತ್ತಾ? ಅವರಿಗೆ ಎರಡೂ ಹುಟ್ಟಿನಿಂದಲೇ ಬಂದವು. ನೆಲವಿಲ್ಲದವನ ಪಾಲಿಗಷ್ಟೇ ಪರಂಪರೆಯೂ ಪರೀಕ್ಷೆಯಾಗುತ್ತದೆ.

ಮಗಳು ಬೆಳ್ಳಿಯ ಕತೆ ಇನ್ನೂ ಕಠಿಣ. ತೋಟದ ಸಾಲ ಹರಿದದ್ದು ಅವಳ ದುಡಿಮೆಯಿಂದಷ್ಟೇ ಅಲ್ಲ, ಮೈಯಿಂದಲೂ. ನಾವು, ದಲಿತ ವಿಮರ್ಶೆ ಬರೆಯುವ ಗಂಡಸರೂ, ಅಪ್ಪನ ಅಸ್ಮಿತೆಗೆ ಪುಟಗಟ್ಟಲೆ ಬರೆದು ಅವಳನ್ನು ಒಂದು ಸಾಲಲ್ಲಿ ಮುಗಿಸುತ್ತೇವೆ. ನಾನೂ ಈಗ ಅದನ್ನೇ ಮಾಡಿದೆ.

ಇನ್ನು ದುಡಿ. ಅದನ್ನು ಚೋಮನ ಅಸ್ಮಿತೆಯ ದನಿ ಅಂತೀವಿ. ದನಿ ಹೌದು. ಆದರೆ ಅವನು ಸಿಟ್ಟಿಗೆ, ದುಃಖಕ್ಕೆ, ಕುಡಿತದ ಖುಷಿಗೆ ಅದನ್ನು ಬಾರಿಸಿದಾಗ ಊರು ತಕರಾರು ಮಾಡಿದ್ದಿಲ್ಲ. ನೇಗಿಲು ಹಿಡಿಯುತ್ತೇನೆ ಅಂದಾಗ ಮಾಡಿತು. ಕೊನೆಗೆ ಅವನು ಎತ್ತುಗಳನ್ನು ಅಟ್ಟಿಬಿಟ್ಟು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಗದ್ದೆ ಆಗಲೂ ಸಂಕಪ್ಪಯ್ಯನ ಹೆಸರಲ್ಲೇ ಇತ್ತು.