ಹನ್ನೆರಡು ತಿಂಗಳ ಮನೆ

ದ್ವೀಪವೆಂದರೇನೆಂದು ಕೇಳಿದರೆ, ನಾಲ್ಕು ಕಡೆಗಳಲ್ಲಿಯೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗವೆಂದು ಚಿಕ್ಕ ತರಗತಿಯ ಹುಡುಗಿಯೂ ಹೇಳಬಲ್ಲಳು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪಟವನ್ನು ಗೋಡೆಗೆ ತೂಗುಹಾಕಿ ನೋಡಿದರೆ, ನೀರಿಲ್ಲದ ದ್ವೀಪವೊಂದು ಅದರಲ್ಲಿ ಕಾಣಬರುವುದು. ಪಾವಗಡವು ಉಳಿದ ಮೂರು ತಾಲ್ಲೂಕುಗಳಿಗೆ ಅಂಟಿಕೊಂಡಿಲ್ಲ. ಅದರ ಮೂರು ಕಡೆಗೆ ಆಂಧ್ರದ ಸೀಮೆ, ಪಶ್ಚಿಮಕ್ಕೆ ಚಿತ್ರದುರ್ಗದ ಜಿಲ್ಲೆ. ಮಧುಗಿರಿಯಿಂದ ಬಸ್ಸನ್ನೇರಿ ಪಾವಗಡಕ್ಕೆ ಹೋಗುವವರು ನಡುವೆ ಪರರಾಜ್ಯದ ನೆಲವನ್ನು ದಾಟಿಯೇ ಹೋಗಬೇಕು. ಜಿಲ್ಲೆಯ ಮುಖ್ಯ ಪಟ್ಟಣವಾದ ತುಮಕೂರು ಅಲ್ಲಿಂದ ಸುಮಾರು 100 ಕಿಲೋಮೀಟರು ದೂರ.

ಇಂಥ ಸ್ಥಳದಲ್ಲಿ ಒಂದು ಹಳ್ಳಿಯು ಉಳಿಯಬೇಕಾದರೆ ಅಲ್ಲಿ ಏನಿರಬೇಕು? ಶಾಲೆ, ಆಸ್ಪತ್ರೆ, ರಸ್ತೆ ಎಂದು ನಾವು ಎಣಿಸುತ್ತೇವೆ. ನನ್ನ ಮಟ್ಟಿಗೆ ಇವೆಲ್ಲಕ್ಕೂ ಮೊದಲು ಬೇಕಾದುದು ಬಡವರ ಕೈಗೆಟಕುವ, ವರ್ಷದ ಹನ್ನೆರಡು ತಿಂಗಳೂ ವಾಸಿಸಲು ತಕ್ಕುದಾದ ಮನೆ. ಮನೆಗಳೇನೋ ಇವೆ, ಬೀಗ ಹಾಕಿದ ಮನೆಗಳು. ಕಡಲೆಕಾಯಿಯ ಸುಗ್ಗಿ ಮುಗಿದು ಕಾರ್ತಿಕ ಕಳೆಯಿತೆಂದರೆ, ಕೆಲಸವನ್ನರಸಿ ಬೆಂಗಳೂರಿಗೆ ಹೋಗುವ ಸಂಸಾರಗಳು ಬಹಳ. ಅಲ್ಲಿ ಅನ್ಯರಿಗೆ ಮಹಡಿಗಳನ್ನು ಕಟ್ಟಿಕೊಡುತ್ತ ತಾವು ತಗಡಿನ ಶೆಡ್ಡುಗಳಲ್ಲಿ ಮಲಗುವರು. ಇದನ್ನು ತಿಳಿಯಲು ಉಪಾಧ್ಯಾಯರಿಗೆ ಸರ್ಕಾರದ ವರದಿ ಬೇಡ, ಹಾಜರಿ ಪುಸ್ತಕವೇ ಸಾಕು. ಒಂದೇ ಹೆಸರಿನ ಮುಂದೆ ವಾರಗಟ್ಟಲೆ ಗೈರುಹಾಜರಿಯ ಗುರುತು ಸಾಲಾಗಿ ನಿಲ್ಲುವುದು. ಆ ಹೆಸರು ಹೆಚ್ಚಾಗಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವುದಕ್ಕೆ ತಾಯಿಯ ಜೊತೆಯಲ್ಲಿ ಹೋದ ಹುಡುಗಿಯದಾಗಿರುವುದು.

ಈ ಶಾಲೆಗೆ ಬರುವ ಮೊದಲು ನಾನು ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಪಾಠ ಹೇಳುತ್ತಿದ್ದೆನು. ಆಗ ಮನೆಗಾಗಿ ಅಲೆದುದು ಇನ್ನೂ ನೆನಪಿದೆ. "ಒಬ್ಬರೇನಾ? ಜೊತೆಗೆ ಯಾರೂ ಇಲ್ವ?" ಎಂಬುದು ಮೊದಲನೆಯ ಪ್ರಶ್ನೆ. "ನೀವು ಯಾವ ಜನ?" ಎಂಬುದು ಎರಡನೆಯದು. ಕ್ರೈಸ್ತಳೆಂದು ಹೇಳಿದ ಕೂಡಲೆ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು. ಯಾರೂ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ನನ್ನ ಜೊತೆಯ ಉಪಾಧ್ಯಾಯರೆಲ್ಲರೂ ದೂರದ ಪಟ್ಟಣದಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತಿದ್ದರು. ಅವರನ್ನು ನಾನು ದೂರಲಾರೆ. ಕಡೆಗೆ ಒಬ್ಬ ಅಜ್ಜಿಯು, "ಪಾಠ ಹೇಳೋರಿಗೆ ಮನೆ ಇಲ್ಲ ಅಂದ್ರೆ ಊರಿಗೆ ಒಳ್ಳೇದಾಗ್ತದೇನಮ್ಮ, ಬಾ" ಎಂದು ತನ್ನ ಮಾಳಿಗೆ ಮನೆಯ ಒಂದು ಅಂಕಣವನ್ನು ನನಗೆ ಬಿಟ್ಟುಕೊಟ್ಟಳು.

ಮನೆಯ ವಿಷಯದಲ್ಲಿ ನಾನು ಬಲ್ಲದ್ದರಲ್ಲಿ ಬಹುಪಾಲು ಆ ಮಾಳಿಗೆಯ ಕೆಳಗೆ ಕಲಿತದ್ದು. ಗೋಡೆ ಕಲ್ಲುಮಣ್ಣಿನದು, ಒಂದು ಮೊಳಕ್ಕೂ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಜೋಡಿಸಿದ ಸೀಳುಕಟ್ಟಿಗೆ, ಅದರ ಮೇಲೆ ಬಂದರೆ, ತಂಗಡಿ ಮೊದಲಾದ ಸೊಪ್ಪು, ಅದರ ಮೇಲೆ ತುಳಿದ ಮಣ್ಣು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ಬೆಳೆಗೆ ಬಾರದ ಹಾಳು ನೆಲದಿಂದ ತರುವ ಈ ಉಪ್ಪುಮಣ್ಣನ್ನು ಮನೆಯ ನೆತ್ತಿಗೆ ಏಕೆ ಹಾಕುವರೆಂದು ನಾನು ಕೇಳಿದಾಗ ಅಜ್ಜಿಯು, "ಅದು ನೀರು ಕುಡಿಯಲ್ಲ" ಎಂದಳು. ವಿಜ್ಞಾನದ ಉಪಾಧ್ಯಾಯಿನಿಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುವಳು. ಚೌಳಿನಲ್ಲಿ ಸೋಡಿಯಂ ಲವಣಗಳು ಹೆಚ್ಚು. ನೀರು ತಗಲಿದೊಡನೆ ಜೇಡಿಯ ಸೂಕ್ಷ್ಮಕಣಗಳು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ರಂಧ್ರಗಳನ್ನು ತಾವೇ ಮುಚ್ಚಿಬಿಡುವುವು. ಹೊಲದಲ್ಲಿ ಯಾವ ಗುಣವು ದೋಷವೋ ಮಾಳಿಗೆಯ ಮೇಲೆ ಅದೇ ಉಪಕಾರ. ಹುಲ್ಲು ಬೆಳೆಯದಿರುವುದು ಇನ್ನೊಂದು ಲಾಭ. ಮುಂಗಾರಿಗೆ ಮುಂಚೆ ವರ್ಷವರ್ಷವೂ ಒಂದಿಷ್ಟು ಹೊಸ ಚೌಳನ್ನು ಹರಡಿದರಾಯಿತು. ಬೆಳಕು ಬರಲು ಗವಾಕ್ಷಿ. ಮಳೆ ಬಂದರೆ ಅದಕ್ಕೊಂದು ಮಡಕೆಯ ಮುಚ್ಚಳ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅದರೊಳಗೆ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದಬಹುದಾಗಿತ್ತು.

ದೋಷಗಳಿರಲಿಲ್ಲವೆಂದಲ್ಲ. ತೊಲೆಗೆ ಗೆದ್ದಲು, ಜಡಿಮಳೆ ಮೂರು ದಿನ ಹಿಡಿದರೆ ಎಲ್ಲಿಯೋ ಒಂದು ಕಡೆ ತೊಟ್ಟಿಕ್ಕುವ ನೀರು, ಮರದ ಬೆಲೆಯಂತೂ ಈಗ ಬಡವರು ಕೇಳುವಂತೆಯೇ ಇಲ್ಲ. ಆದುದರಿಂದ ಹಿಂದಿನ ಮಾಳಿಗೆಯನ್ನೇ ಎಲ್ಲರೂ ಕಟ್ಟಿಕೊಳ್ಳಲೆಂದು ನಾನು ಹೇಳುವುದಿಲ್ಲ.

ಆದರೆ ಅದರ ಬದಲಾಗಿ ಬಂದದ್ದೇನು? ನಮ್ಮ ರಾಜ್ಯದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. 2010ರಲ್ಲಿ ಬಸವ ವಸತಿ, 2016ರಲ್ಲಿ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣ ಭಾಗದಲ್ಲಿ ಆರಂಭವಾದುವು. ಈ ಕಡೆಯ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ 1,20,000 ರೂಪಾಯಿ ಸಹಾಯವನ್ನೂ, ಅಡಿಗೆಯ ಸ್ಥಳವೂ ಸೇರಿ 25 ಚದರ ಮೀಟರಿಗೆ ಕಡಮೆಯಿಲ್ಲದ ವಿಸ್ತಾರವನ್ನೂ ಗೊತ್ತುಮಾಡಿದರು. ಈ ಏರ್ಪಾಡುಗಳಲ್ಲಿ ಮನೆಯನ್ನು ಸಾಮಾನ್ಯವಾಗಿ ಗೃಹಿಣಿಯ ಹೆಸರಿಗೆ, ಇಲ್ಲವೆ ಗಂಡಹೆಂಡಿರಿಬ್ಬರ ಹೆಸರಿಗೆ ಮಂಜೂರು ಮಾಡುವರು. ನಮ್ಮ ಹುಡುಗಿಯರು ಈ ಮಾತನ್ನು ಮನೆಗೆ ಹೋಗಿ ತಾಯಂದಿರಿಗೆ ಹೇಳಲಿ. ಕಾಗದದಲ್ಲಿ ತನ್ನ ಹೆಸರಿರುವುದೇ ಎಷ್ಟೋ ತಾಯಂದಿರಿಗೆ ತಿಳಿಯದು.

ಹಣವು ಪಾಯ, ಗೋಡೆ, ಚಾವಣಿ ಎಂದು ಹಂತಹಂತವಾಗಿ ಬರುವುದು. ಮಧ್ಯೆ ಕೈಯಲ್ಲಿರುವುದು ಮುಗಿದರೆ ಸಾಲ, ಸಾಲವೂ ಹುಟ್ಟದಿದ್ದರೆ ತೆಳ್ಳಗಿನ ಗೋಡೆಯ ಮೇಲೆ ಶೀಟು. ಆ ಶೀಟಿನ ಕೆಳಗೆ ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ, ಎಂದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಲದಲ್ಲಿಯೇ, ಹಗಲು ಯಾರೂ ಕುಳಿತಿರಲಾರರು. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಂಡೆಗೇನೂ ಕೊರತೆಯಿಲ್ಲ, ಪ್ರವಾಹವೂ ಅಪರೂಪ. ಇಲ್ಲಿ ಮನೆಯನ್ನು ಬರಿದು ಮಾಡುವುದು ಬಿಸಿಲು.

ಕಡಮೆ ಖರ್ಚಿನಲ್ಲಿ ತಂಪಾದ ಗೋಡೆಯನ್ನು ಕಟ್ಟುವ ಬಗೆಯನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗವು ಹುಟ್ಟಿ, ನಮ್ಮ ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅಲ್ಲಿಯವರು, ವಿಶೇಷವಾಗಿ ಪ್ರೊಫೆಸರ್ ಕೆ. ಎಸ್. ಜಗದೀಶರು, ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲಿನಷ್ಟು ಸಿಮೆಂಟನ್ನು ಬೆರಸಿ ಕೈಯಂತ್ರದಿಂದ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದರು. ಅದನ್ನು ಸುಡಬೇಕಾಗಿಲ್ಲ, ಆದುದರಿಂದ ಸೌದೆಯ ಖರ್ಚಿಲ್ಲ. ಕೆಲವು ವಾರ ನೀರೆರೆದು ಒದ್ದೆಯಾಗಿಟ್ಟರೆ ಸಾಕು. ನಿವೇಶನದ ಮಣ್ಣೇ ಎಷ್ಟೋ ವೇಳೆ ಒದಗುವುದು. ಎರಡು ಮೂರು ಹೆಂಗಸರು ಗಂಡಸರು ಸೇರಿ ಇದನ್ನು ಮಾಡಬಹುದಾದುದರಿಂದ ಕೂಲಿಯು ಊರಿನಲ್ಲಿಯೇ ಉಳಿಯುವುದು. ಆದರೆ ಗೋಡೆಯು ಮಣ್ಣಿನದೆಂದರೆ ನಮ್ಮ ಜನಕ್ಕೆ ಬಡತನದ ಗುರುತೆಂಬ ನಾಚಿಕೆ. ಇದು ಯಂತ್ರದಿಂದ ನೀಗುವ ತೊಂದರೆಯಲ್ಲ.

ಮನೆಯು ಚೆನ್ನಾಗಿದ್ದರೂ ನೀರಿಲ್ಲದಿದ್ದರೆ ಬೀಗವೇ ಗತಿ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿ, ಹಲ್ಲುಮೂಳೆಗಳು ಕೆಟ್ಟ ಕಥೆಯು ಎಲ್ಲರಿಗೂ ತಿಳಿದದ್ದೇ. 2025ರಲ್ಲಿ ತುಂಗಭದ್ರೆಯ ನೀರನ್ನು ಆ ತಾಲ್ಲೂಕಿಗೆ ತರುವ ಕುಡಿಯುವ ನೀರಿನ ಯೋಜನೆ ಉದ್ಘಾಟಿತವಾದುದು ಬಹಳ ಸಂತೋಷದ ಸಂಗತಿ.

ಇನ್ನು ಕೆಲಸ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರವಿದ್ಯುತ್ತಿನ ಕೇಂದ್ರವು 2018ರಲ್ಲಿ ಉದ್ಘಾಟಿತವಾಗಿ 2019ರಲ್ಲಿ ಪೂರ್ಣವಾಯಿತು. ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಹೆಚ್ಚಿಸುವ ಒಪ್ಪಂದವಾದುದರಿಂದ ಜಮೀನುಳ್ಳವರು ಊರಿನಲ್ಲಿ ನಿಲ್ಲುವುದಕ್ಕೆ ಒಂದು ಆಧಾರ ದೊರೆಯಿತು. ಆ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ, ಸ್ವಂತ ನೆಲವಿಲ್ಲದ ಸಂಸಾರಗಳಿಗೆ ಮಾತ್ರ ಗುತ್ತಿಗೆಯೂ ಇಲ್ಲ, ಕಳೆಯೂ ಇಲ್ಲ. ಬೀಗಗಳು ಹೆಚ್ಚಾಗಿ ಬೀಳುವುದು ಅವರ ಬಾಗಿಲುಗಳಿಗೇ.

ನಿಜವಾದ ದ್ವೀಪದವರು ಏನು ಮಾಡಿದರೆಂಬುದನ್ನು ಇಲ್ಲಿ ಹೇಳಬೇಕು. ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿ ಗೀಯ ಎಂಬ ಚಿಕ್ಕ ದ್ವೀಪವುಂಟು. ಒಬ್ಬ ಯಜಮಾನನ ಸ್ವತ್ತಾಗಿದ್ದ ಅದರ ಮನೆಗಳು ಹಾಳುಬಿದ್ದು, ಜನಸಂಖ್ಯೆಯು ನೂರಕ್ಕಿಂತಲೂ ಕೆಳಗಿಳಿದಿತ್ತು. 2002ರಲ್ಲಿ ನಿವಾಸಿಗಳೇ ಒಂದು ಸಂಸ್ಥೆಯನ್ನು ಮಾಡಿಕೊಂಡು ದ್ವೀಪವನ್ನು ಕೊಂಡರು. ಹಳೆಯ ಮನೆಗಳನ್ನು ದುರಸ್ತು ಮಾಡಿದರು, ಬಾಡಿಗೆಗೆ ಕೊಡಲು ಹೊಸ ಮನೆಗಳನ್ನು ಕಟ್ಟಿಸಿದರು. 2011ರ ಜನಗಣತಿಯ ಹೊತ್ತಿಗೆ ಅಲ್ಲಿ 160ಕ್ಕೂ ಹೆಚ್ಚು ಜನರಿದ್ದರು. ನನಗೆ ಮುಖ್ಯವಾಗಿ ತೋರುವುದು ಬಾಡಿಗೆಯ ಮಾತು. ನಮ್ಮ ಯೋಜನೆಗಳೆಲ್ಲವೂ ಸ್ವಂತ ಮನೆಯನ್ನೇ ಕುರಿತವು. ಎರಡು ವರ್ಷಕ್ಕೆಂದು ಬರುವ ಉಪಾಧ್ಯಾಯಿನಿಗೆ, ದಾದಿಗೆ ಅವುಗಳಲ್ಲಿ ಸ್ಥಳವಿಲ್ಲ. ಹಿಂದೆ ಮಿಷನ್ನಿನವರು ಶಾಲೆಯನ್ನು ಕಟ್ಟುವಾಗಲೇ ಅದರ ಕಾಂಪೌಂಡಿನೊಳಗೆ ಉಪಾಧ್ಯಾಯಿನಿಯರ ಮನೆಗಳನ್ನೂ ಹುಡುಗಿಯರ ಬೋರ್ಡಿಂಗನ್ನೂ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಗ್ರಾಮ ಪಂಚಾಯಿತಿಯು ತನ್ನ ನೆಲದಲ್ಲಿ ಇಂಥ ನಾಲ್ಕು ಮನೆಗಳನ್ನು ಕಟ್ಟಿ, ಜಾತಿಮತವನ್ನು ಕೇಳದೆ, ತಕ್ಕ ಬಾಡಿಗೆಗೆ ಕೊಟ್ಟರೆ, ಸಂಜೆಯ ಬಸ್ಸಿಗೆ ಓಡುವ ಉಪಾಧ್ಯಾಯರಲ್ಲಿ ಇಬ್ಬರಾದರೂ ಊರಿನಲ್ಲಿ ನಿಲ್ಲುವರು. ಬಾಡಿಗೆಯಿಂದಲೇ ಆ ಮನೆಗಳ ದುರಸ್ತಿಯೂ ನಡೆಯುವುದು.

ಹೋದ ಬೇಸಗೆಯಲ್ಲಿ ಆ ಹಳ್ಳಿಗೆ ಹೋಗಿದ್ದೆನು. ಅಜ್ಜಿಯು ಈಗ ಇಲ್ಲ. ಅವಳ ಮಗನು ಸರ್ಕಾರದ ಸಹಾಯದಿಂದ ಪಕ್ಕದಲ್ಲಿಯೇ ಶೀಟಿನ ಮನೆಯೊಂದನ್ನು ಕಟ್ಟಿದ್ದಾನೆ; ಬಾಗಿಲ ಮೇಲೆ ಸೊಸೆಯ ಹೆಸರನ್ನು ಬಣ್ಣದಲ್ಲಿ ಬರೆದಿದೆ. ಅದಕ್ಕೆ ಬೀಗ; ಎಲ್ಲರೂ ಬೆಂಗಳೂರಿನಲ್ಲಿ. ಹಳೆಯ ಮಾಳಿಗೆಯ ಒಂದು ಅಂಕಣ ಕುಸಿದಿದೆ. ನಾನಿದ್ದ ಅಂಕಣದಲ್ಲಿ ನೆರೆಮನೆಯ ಇಬ್ಬರು ಹುಡುಗಿಯರು, ಒಳಗೆ ತಂಪಾಗಿದೆಯೆಂದು, ಚಾಪೆ ಹಾಸಿಕೊಂಡು ಓದುತ್ತಿದ್ದರು.