ಗುರಿ ಸರಿ ಇದ್ರೂ ಗುಂಡು ತಪ್ಪೋದ್ಯಾಕೆ? ಒಳ್ಳೆ ಗುಂಡು ಯಾರಿಗೆ ಸಿಗುತ್ತೆ?

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಈ ವಿಭಾಗದಲ್ಲಿ ಭಾರತಕ್ಕೆ ಅದು ಮೊದಲ ಒಲಿಂಪಿಕ್ ಪದಕ. ಬೆಳಗಾವಿಯ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಹುಡುಗ, ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಕೆಲಸ ಅನ್ನೋ ಕತೆ ಎಲ್ಲ ಕಡೆ ಬಂತು. ಗುಂಡಿನ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ. ಆದರೆ ಈ ಆಟದಲ್ಲಿ ಯಾರು ಮೇಲೆ ಬರ್ತಾರೆ, ಯಾರು ಜಿಲ್ಲಾ ಮಟ್ಟದಲ್ಲೇ ನಿಂತುಬಿಡ್ತಾರೆ ಅನ್ನೋದರಲ್ಲಿ ಗುಂಡಿನ ಪಾಲೂ ಇದೆ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಸ್ವಲ್ಪ ಭೌತಶಾಸ್ತ್ರ ಬೇಕು.

ಲೆಕ್ಕ ಇರೋದು ಮಿಲಿಮೀಟರಿನಲ್ಲಿ

50 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. ಗುಂಡಿನ ಅಗಲ 5.6 ಮಿ.ಮೀ. ಫೈನಲ್‌ನಲ್ಲಿ ಅಂಕವನ್ನು ದಶಾಂಶದಲ್ಲಿ ಎಣಿಸುತ್ತಾರೆ. ಕೇಂದ್ರದಿಂದ ಪ್ರತಿ 0.8 ಮಿ.ಮೀ. ದೂರ ಸರಿದರೆ 0.1 ಅಂಕ ಕೈಬಿಡುತ್ತೆ. ಕುಸಾಳೆ 44 ಗುಂಡುಗಳಲ್ಲಿ ಗಳಿಸಿದ್ದು 451.4. ಅಂದರೆ ಸರಾಸರಿ ಲೆಕ್ಕದಲ್ಲಿ ಪ್ರತಿ ಗುಂಡು ಕೇಂದ್ರದಿಂದ ಸುಮಾರು 6 ಮಿ.ಮೀ. ಒಳಗೇ ಬಿದ್ದಿದೆ. ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ 2.3 ಅಂಕ, ಅದೂ 45 ಗುಂಡುಗಳಾದ ಮೇಲೆ.

ಇಂಥ ಕಡೆ ಕೈ, ಉಸಿರು, ಕಣ್ಣು ಎಲ್ಲ ಸರಿಯಿದ್ದರೂ ಗುಂಡೇ ನಾಲ್ಕೈದು ಮಿ.ಮೀ. ಆಚೀಚೆ ಹೋದರೆ ಶೂಟರ್ ಏನು ಮಾಡಬೇಕು?

ಆಕಾರದ ಕೆಲಸ

ಗುಂಡು ಅಂದ್ರೆ ಚೂಪಾಗಿರಬೇಕು ಅಂತ ನಾವು ಅಂದುಕೊಳ್ತೀವಿ. ಚೂಪು ಮೂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ, ವೇಗ ಬೇಗ ಕಳೆದುಕೊಳ್ಳಲ್ಲ. ಫ್ರಾನ್ಸ್ ಸೇನೆ 1898ರಲ್ಲಿ, ಜರ್ಮನಿ 1905ರಲ್ಲಿ ಇಂಥ ಗುಂಡಿಗೆ ಬದಲಾಗಿದ್ದು ಇದಕ್ಕೇ. ಆದರೆ ಚೂಪಿನ ಲಾಭ ಹೆಚ್ಚಾಗಿ ಸಿಗೋದು ಶಬ್ದಕ್ಕಿಂತ ವೇಗವಾಗಿ, ನೂರಾರು ಮೀಟರ್ ಹಾರುವ ಗುಂಡಿಗೆ.

ಎನ್‌ಸಿಸಿ ಮಾಡಿದವರಿಗೆ ಗೊತ್ತಿರುವ ಪಾಯಿಂಟ್ ಟೂ ಟೂ ರೈಫಲ್ಲಿನ ಬೋರೇ ಈ ಒಲಿಂಪಿಕ್ ಸ್ಪರ್ಧೆಯಲ್ಲೂ ಇರೋದು. ಇದರ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸ. ಮೂತಿ ದುಂಡಗೆ. ಏಲಿ ಕಂಪನಿಯ ಹೆಸರಾಂತ ಟೆನೆಕ್ಸ್ ಗುಂಡಿಗಂತೂ ತುದಿಯೇ ಚಪ್ಪಟೆ. ಸ್ಪರ್ಧೆಯ ಗುಂಡಿನ ವೇಗವನ್ನು ಬೇಕಂತಲೇ ಸೆಕೆಂಡಿಗೆ 330 ಮೀಟರಿನ ಆಸುಪಾಸಿಗೆ, ಶಬ್ದದ ವೇಗಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಶಬ್ದದ ಗಡಿ ದಾಟಿ ಹೊರಟ ಗುಂಡು ನಡುದಾರಿಯಲ್ಲಿ ಆ ಗಡಿಯ ಕೆಳಗೆ ಇಳಿಯುವಾಗ ಅಲುಗಾಡುತ್ತೆ, ಗಾಳಿಗೂ ಹೆಚ್ಚು ಸರಿಯುತ್ತೆ.

ಮೂತಿಗಿಂತ ಮುಖ್ಯವಾದದ್ದು ಬುಡ. ಗುಂಡು ಬ್ಯಾರೆಲ್ಲಿನ ಬಾಯಿ ಬಿಡುವ ಕ್ಷಣದಲ್ಲಿ ಹಿಂದಿನ ಅನಿಲ ನುಗ್ಗಿ ಬರುತ್ತೆ. ಬುಡದ ಅಂಚಿನಲ್ಲಿ ಸಣ್ಣ ಗೀರಿದ್ದರೂ ಅನಿಲ ಒಂದು ಪಕ್ಕದಿಂದ ಮೊದಲು ನುಸುಳಿ ಗುಂಡನ್ನು ಓರೆ ಮಾಡುತ್ತೆ.

ಎಷ್ಟು ಆಳಕ್ಕೆ ಕೂತಿದೆ?

ಹಿತ್ತಾಳೆ ಕೇಸಿನೊಳಗೆ ಗುಂಡು ಎಷ್ಟು ಇಳಿದು ಕೂತಿದೆ ಅನ್ನೋದು ಇನ್ನೊಂದು ಅಂಶ. ಹೆಚ್ಚು ಆಳಕ್ಕೆ ಕೂತರೆ ಒಳಗೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ. ಜೊತೆಗೆ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳನ್ನು ಮುಟ್ಟುವ ಮೊದಲು ಅದು ಹೆಚ್ಚು ದೂರ ಜಿಗಿಯಬೇಕಾಗುತ್ತೆ. ಹಾಗೆ ಜಿಗಿಯುವಾಗ ಕೂದಲೆಳೆಯಷ್ಟು ವಾಲಿದರೂ ವಾಲಿಕೊಂಡೇ ಗೀರಿಗೆ ಕಚ್ಚಿಕೊಳ್ಳುತ್ತೆ.

ದೊಡ್ಡ ಬೋರಿನ ರೈಫಲ್ ಬಳಸುವ ವಿದೇಶಿ ಸ್ಪರ್ಧಿಗಳಲ್ಲಿ ಹಲವರು ಕಾಡತೂಸನ್ನು ತಾವೇ ತುಂಬಿ, ಈ ಆಳವನ್ನು ತಮ್ಮ ಬ್ಯಾರೆಲ್ಲಿಗೆ ಹೊಂದಿಸಿಕೊಳ್ತಾರೆ. ಪಾಯಿಂಟ್ ಟೂ ಟೂನಲ್ಲಿ ಆ ದಾರಿ ಇಲ್ಲ. ಕಿಡಿ ಹೊತ್ತಿಸುವ ರಾಸಾಯನಿಕ ಕೇಸಿನ ಅಂಚಿನೊಳಗೇ ಇರುತ್ತೆ. ಎಲ್ಲವೂ ಕಾರ್ಖಾನೆಯಲ್ಲೇ ಮುಗಿದುಹೋಗಿರುತ್ತೆ. ಸ್ಪರ್ಧೆಯ ರೈಫಲ್ಲುಗಳಲ್ಲಿ ಬೋಲ್ಟ್ ಮುಚ್ಚಿದಾಗ ಗುಂಡಿನ ಮುಂಭಾಗ ಗೀರುಗಳಿಗೆ ಮೆಲ್ಲಗೆ ಒತ್ತಿಕೊಳ್ಳುವ ಹಾಗೆ ಚೇಂಬರ್ ಕೊರೆದಿರುತ್ತಾರೆ. ಆದರೆ ಒಂದೊಂದು ಗುಂಡು ಒಂದೊಂದು ಆಳಕ್ಕೆ ಕೂತಿದ್ದರೆ ಆ ಒತ್ತು ಒಂದೇ ಸಮ ಇರಲ್ಲ.

ಶೂಟರ್ ಕೈಲಿರೋದು ಒಂದೇ ದಾರಿ

ಕಾರ್ಖಾನೆಯಿಂದ ಗುಂಡು ಲಾಟ್ ಲೆಕ್ಕದಲ್ಲಿ ಬರುತ್ತೆ. ಅದೇ ಕಂಪನಿ, ಅದೇ ಬೆಲೆ, ಅದೇ ಡಬ್ಬಿ. ಆದರೂ ಒಂದು ಲಾಟ್ ನಿಮ್ಮ ಬ್ಯಾರೆಲ್ಲಿಗೆ ಒಗ್ಗುತ್ತೆ, ಇನ್ನೊಂದು ಒಗ್ಗಲ್ಲ. ಪರೀಕ್ಷೆ ಮಾಡದೆ ಗೊತ್ತಾಗೋದೂ ಇಲ್ಲ. ಹಾಗಾಗಿ ಏಲಿ, ಲಾಪುವಾ ತರದ ಕಂಪನಿಗಳು ಜರ್ಮನಿಯಂಥ ಕಡೆ ಪರೀಕ್ಷಾ ಕೇಂದ್ರಗಳನ್ನೇ ಇಟ್ಟಿವೆ. ಅಲ್ಲಿ ಶೂಟರಿನ ಸ್ವಂತ ಬ್ಯಾರೆಲ್ಲನ್ನು ಅಲುಗದಂತೆ ಬಿಗಿದು, ಲಾಟಿನ ಮೇಲೆ ಲಾಟ್ ಹತ್ತತ್ತು ಗುಂಡು ಹೊಡೆದು ನೋಡ್ತಾರೆ. ಗುಂಡುಗಳು ಒತ್ತೊತ್ತಾಗಿ ಬಿದ್ದ ಲಾಟಿನಲ್ಲಿ ಸಾವಿರಾರು ಖರೀದಿಸ್ತಾರೆ.

ರಾಷ್ಟ್ರೀಯ ತಂಡದಲ್ಲಿದ್ದರೆ ಇದು ಸಾಧ್ಯ. ಕಲಬುರಗಿಯಲ್ಲೋ ಹಾಸನದಲ್ಲೋ ಅಭ್ಯಾಸ ಮಾಡುವ ಹುಡುಗಿಗೆ? ಲೈಸೆನ್ಸ್, ಆಮದು, ವೀಸಾ, ವಿಮಾನದಲ್ಲಿ ಬಂದೂಕು ಒಯ್ಯಲು ಅನುಮತಿ, ಇಷ್ಟನ್ನೂ ದಾಟಿ ಜರ್ಮನಿಗೆ ಹೋಗಿ ಗುಂಡು ಆರಿಸಿಕೊಳ್ಳೋದು ಅವಳ ಮನೆಯವರ ಕೈಲಾಗುವ ಮಾತಲ್ಲ. ಸಿಕ್ಕಿದ ಲಾಟಿನಲ್ಲಿ ಹೊಡೀತಾಳೆ. ಅಂಕ ಕಡಿಮೆ ಬಂದರೆ ತಪ್ಪು ತನ್ನದೇ ಅಂತ ನಂಬ್ತಾಳೆ. ಆ ಅಂಕದ ಮೇಲೆಯೇ ತಂಡದ ಆಯ್ಕೆಯೂ ನಡೆಯುತ್ತೆ. ಅಂದರೆ ಒಳ್ಳೆ ಗುಂಡು ಸಿಗಬೇಕಾದರೆ ಮೊದಲು ಸಾಮಾನ್ಯ ಗುಂಡಿನಲ್ಲೇ ಗೆದ್ದು ತೋರಿಸಬೇಕು.

ಇಷ್ಟು ಹೇಳಿದ್ದಕ್ಕೆ ಲೈಸೆನ್ಸ್ ಕಾನೂನು ಸಡಿಲಿಸಿ ಅಂತ ಅರ್ಥ ಅಲ್ಲ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಸರಿಯೇ. ಗುಂಡು ಮನೆಮನೆಯಲ್ಲಿ ರಾಶಿ ಬೀಳಬೇಕಾಗಿಲ್ಲ, ಪರೀಕ್ಷೆಯ ಸೌಲಭ್ಯ ಸಾರ್ವಜನಿಕವಾಗಬೇಕು. ಗಾಳಿ ನುಗ್ಗದ 50 ಮೀಟರ್ ಉದ್ದದ ಒಂದು ಸುರಂಗ, ಬ್ಯಾರೆಲ್ ಬಿಗಿಯುವ ಒಂದು ಸಾಧನ, ಎಲೆಕ್ಟ್ರಾನಿಕ್ ಗುರಿಹಲಗೆ, ಒಟ್ಟಾಗಿ ಆಮದು ಮಾಡಿಕೊಂಡ ಹಲವು ಲಾಟುಗಳು: ಬೇಕಾಗಿರೋದು ಇಷ್ಟೇ. ಪೊಲೀಸ್ ಉಸ್ತುವಾರಿಯಲ್ಲೇ ನಡೆಸಬಹುದು.

ಕುಸಾಳೆ ಮೇಲೆ ಬಂದಿದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಯೋಜನೆಯಿಂದ. ಹಳ್ಳಿಯ ಪ್ರತಿಭೆಯನ್ನು ಸರ್ಕಾರಿ ದುಡ್ಡಿನಲ್ಲಿ ಬೆಳೆಸಬಹುದು ಅನ್ನೋದಕ್ಕೆ ಸಾಕ್ಷಿ ನಮ್ಮ ಗಡಿಯಾಚೆಯೇ ಇದೆ. ಪದಕ ಬಂದ ದಿನ ಬಹುಮಾನ ಘೋಷಿಸುವ ಮಂತ್ರಿಗಳಿಗೆ ಮುಂದಿನ ಬಜೆಟ್‌ಗೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಜಿಲ್ಲೆಯ ಶೂಟರುಗಳು ಗುಂಡು ಪರೀಕ್ಷಿಸಿಕೊಳ್ಳೋದು ಎಲ್ಲಿ?